ಹರಿವು ನಿಲ್ಲದ ಘಟಕದಲ್ಲಿ ವಿದ್ಯುತ್ ಕೊಠಡಿ ಬದಲಿಸಿದ ನನ್ನ ಅನುಭವ

ಬೆಂಗಳೂರಿನ ಒಳಚರಂಡಿ ನೀರು ಬಹುಮಟ್ಟಿಗೆ ನೆಲದ ಇಳಿಜಾರನ್ನೇ ಅನುಸರಿಸಿ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳತ್ತ ಹರಿದು ಬರುತ್ತದೆ. ನಡುರಾತ್ರಿ ಅದು ತಗ್ಗುತ್ತದೆ, ನಿಲ್ಲುವುದಿಲ್ಲ. ಇಂಥದೊಂದು ಕಣಿವೆಯ ಹಳೆಯ ಸಂಸ್ಕರಣಾ ಘಟಕದಲ್ಲಿ ವಿದ್ಯುತ್ ವಿಭಾಗದ ಹೊಣೆ ನನ್ನದಾಗಿದ್ದಾಗ, ಪಂಪು ಮತ್ತು ಗಾಳಿ ಊದುವ ಬ್ಲೋವರ್‌ಗಳಿಗೆ ವಿದ್ಯುತ್ ಹಂಚುವ ಪ್ಯಾನೆಲ್‌ಗಳನ್ನೆಲ್ಲ ಬದಲಿಸಬೇಕಾಗಿ ಬಂತು. ಆದರೆ ಘಟಕವನ್ನು ಒಂದು ದಿನವೂ ನಿಲ್ಲಿಸುವಂತಿರಲಿಲ್ಲ. ಏರೇಷನ್ ಟ್ಯಾಂಕಿಗೆ ಗಾಳಿ ನಿಂತರೆ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಸೊರಗುತ್ತವೆ, ಅವು ಮತ್ತೆ ಚೇತರಿಸಿಕೊಳ್ಳುವವರೆಗೆ ಅರೆಬರೆ ಶುದ್ಧವಾದ ನೀರೇ ಮುಂದಕ್ಕೆ ಹೋಗುತ್ತದೆ.

ಹಳೆಯ ಕೊಠಡಿ ಒಳಹರಿವಿನ ಬಾವಿಗೆ ತೀರ ಹತ್ತಿರವಿತ್ತು. ಒಮ್ಮೆ ಪ್ಯಾನೆಲಿನ ಹಿಂಬದಿಯ ಮುಚ್ಚಳ ಬಿಚ್ಚಿದಾಗ ವಿದ್ಯುತ್ ಸಾಗಿಸುವ ತಾಮ್ರದ ಪಟ್ಟಿ, ಅಂದರೆ ಬಸ್‌ಬಾರ್, ಮಸಿ ಬಳಿದಂತೆ ಕಪ್ಪಾಗಿತ್ತು. ವಿದ್ಯುತ್ ಕಡಿತಗೊಳಿಸಿ ಬಟ್ಟೆಯಿಂದ ಒರೆಸಿದರೆ ಕರಿಯ ಪುಡಿ ಉದುರುತ್ತಿತ್ತು. ಇದು ಕೊಳೆನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಮಾಡುವ ಕೆಲಸ. ಈ ಅನಿಲ ಗಾಳಿಗಿಂತ ಭಾರವಾದುದರಿಂದ ಕೇಬಲ್ ಹಾಯಿಸುವ ಕಾಲುವೆಯಾದ ಟ್ರೆಂಚಿನಲ್ಲಿ ಇಳಿದು ಕುಳಿತು, ಅಲ್ಲಿಂದ ಪ್ಯಾನೆಲಿನ ತಳದ ಸಂದಿಗಳಲ್ಲಿ ಮೇಲೇರುತ್ತದೆ. ಬಸ್‌ಬಾರ್ ಹೇಗೋ ತಾಳಿಕೊಳ್ಳುತ್ತದೆ, ಮೋಟರಿನ ವೇಗ ನಿಯಂತ್ರಿಸುವ ವಿಎಫ್‌ಡಿಯ ಸರ್ಕಿಟ್ ಬೋರ್ಡ್ ತಾಳುವುದಿಲ್ಲ. ಅದೇ ಜಾಗದಲ್ಲಿ ಹೊಸ ಪ್ಯಾನೆಲ್ ನಿಲ್ಲಿಸಿ, ಅದೇ ಗಾಳಿಯಲ್ಲಿ ತಿಂಗಳುಗಟ್ಟಲೆ ವೈರಿಂಗ್ ಮಾಡಿಸುವುದಕ್ಕೆ ನನಗೆ ಮನಸ್ಸು ಒಪ್ಪಲಿಲ್ಲ.

ಆದ್ದರಿಂದ ನಾವು ಇ-ಹೌಸ್ ಆರಿಸಿಕೊಂಡೆವು. ಪ್ಯಾನೆಲ್, ವಿಎಫ್‌ಡಿ, ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿ, ಹವಾನಿಯಂತ್ರಣ, ಅಗ್ನಿಶಾಮಕ ವ್ಯವಸ್ಥೆ ಎಲ್ಲವನ್ನೂ ಕಾರ್ಖಾನೆಯಲ್ಲೇ ಜೋಡಿಸಿ, ವೈರಿಂಗ್ ಮುಗಿಸಿ, ಪರೀಕ್ಷೆ ಮಾಡಿ ತರುವ ಉಕ್ಕಿನ ಕೊಠಡಿ ಅದು. ಕೆಲಸ ಬೇಗ ಮುಗಿಯುತ್ತದೆ ಎಂದು ಅದನ್ನು ಹೊಗಳುವವರು ಹೆಚ್ಚು. ತಪ್ಪುಗಳು ಕಾರ್ಖಾನೆಯಲ್ಲೇ ಸಿಕ್ಕಿಬೀಳುತ್ತವೆ ಎಂಬುದು ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಲಾಭ. ಎರಡು ಇನ್‌ಕಮರ್ (ಹೊರಗಿನಿಂದ ವಿದ್ಯುತ್ ತರುವ ಬ್ರೇಕರ್) ಮತ್ತು ಒಂದು ಬಸ್ ಕಪ್ಲರ್ (ಪ್ಯಾನೆಲಿನ ಎರಡು ಭಾಗಗಳನ್ನು ಜೋಡಿಸುವ ಬ್ರೇಕರ್) ಇರುವಲ್ಲಿ ಮೂರೂ ಬ್ರೇಕರ್‌ಗಳು ಒಟ್ಟಿಗೆ ಮುಚ್ಚಿಕೊಳ್ಳಬಾರದು, ಅಂದರೆ ವಿದ್ಯುತ್ ಹರಿಯುವ ಸ್ಥಿತಿಗೆ ಬರಬಾರದು. ಆದರೆ ಪರೀಕ್ಷೆಯ ಎರಡನೆಯ ದಿನ ನಮ್ಮ ಕಣ್ಣೆದುರೇ ಮೂರೂ ಮುಚ್ಚಿಕೊಂಡವು. ಇದನ್ನು ತಡೆಯಬೇಕಾದ ಇಂಟರ್‌ಲಾಕಿನ ಒಂದು ತಂತಿ ಪಕ್ಕದ ಟರ್ಮಿನಲ್ಲಿಗೆ ಹೋಗಿತ್ತು, ಅದನ್ನು ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು.

ಅಡಿಪಾಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಂಸ್ಕರಣಾ ಘಟಕಗಳು ಕಣಿವೆಯ ತಗ್ಗಿನಲ್ಲಿರುತ್ತವೆ, ಮಳೆ ಜೋರಾದರೆ ನೀರು ಮೊದಲು ಬರುವುದು ಅಲ್ಲಿಗೇ. 2022ರ ಸೆಪ್ಟೆಂಬರಿನಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೆ ನೆರೆ ನುಗ್ಗಿ ಬೆಂಗಳೂರಿನ ಹಲವು ಬಡಾವಣೆಗಳಿಗೆ ಕಾವೇರಿ ನೀರು ನಿಂತುಹೋದದ್ದು ಈ ಕ್ಷೇತ್ರದಲ್ಲಿರುವ ಯಾರಿಗೂ ಮರೆಯುವಂಥದಲ್ಲ. ಹಾಗಾಗಿ ಕೊಠಡಿಯನ್ನು ಆಳೆತ್ತರದ ಕಾಂಕ್ರೀಟ್ ಕಂಬಗಳ ಮೇಲೆ ಕೂರಿಸಬೇಕೆಂದು ಪಟ್ಟು ಹಿಡಿದೆ. ಕೆಳಗೆ ಗಾಳಿಯಾಡುವುದರಿಂದ ಅನಿಲ ನಿಲ್ಲುವುದಿಲ್ಲ, ಕೇಬಲ್ ಜೋಡಿಸುವವರು ನಿಂತುಕೊಂಡೇ ಕೆಲಸ ಮಾಡಬಹುದು.

ಆ ಎತ್ತರವೇ ನನ್ನ ತಪ್ಪೊಂದರಿಂದ ನಮ್ಮನ್ನು ಕಾಪಾಡಿತು. ತಳದಲ್ಲಿ ಕೇಬಲ್ ಇಳಿಯುವ ತೆರಪುಗಳ ನಕ್ಷೆಯನ್ನು ಕೆಳಗಿನಿಂದ ನೋಡಿದಂತೆ ಬರೆಯಲಾಗಿತ್ತು. ಮೂಲೆಯಲ್ಲಿದ್ದ ಆ ಸೂಚನೆಯನ್ನು ಗಮನಿಸದೆ, ಮೇಲಿನಿಂದ ನೋಡಿದಂತೆ ಓದಿಕೊಂಡು ನಾನು ಟ್ರೆಂಚ್ ಕಟ್ಟಲು ಸಹಿ ಹಾಕಿದ್ದೆ. ಕ್ರೇನ್ ಕೊಠಡಿಯನ್ನು ಇಳಿಸಿದ ಮೇಲೆ ನೋಡಿದರೆ ಬ್ಲೋವರ್ ಕೇಬಲ್‌ಗಳ ಟ್ರೆಂಚ್ ಒಂದು ತುದಿಯಲ್ಲಿತ್ತು, ಅವು ಹೊಕ್ಕಬೇಕಾದ ತೆರಪು ಇನ್ನೊಂದು ತುದಿಯಲ್ಲಿತ್ತು. ಕೊಠಡಿ ನೆಲಕ್ಕಂಟಿ ಕೂತಿದ್ದರೆ ಕಾಂಕ್ರೀಟ್ ಒಡೆಯದೆ ದಾರಿಯಿರಲಿಲ್ಲ. ಕಂಬಗಳ ನಡುವೆ ಉದ್ದಕ್ಕೂ ಕೇಬಲ್ ಟ್ರೇ ಕಟ್ಟಿ ದಾಟಿಸಿದೆವು, ಅಳತೆಗೆ ಕತ್ತರಿಸಿಟ್ಟಿದ್ದ ಎರಡು ಕೇಬಲ್‌ಗಳನ್ನು ಮಾತ್ರ ಹೊಸದಾಗಿ ತರಿಸಬೇಕಾಯಿತು. ಅಂದಿನಿಂದ ಯಾವ ತಳದ ನಕ್ಷೆ ಬಂದರೂ ಅದನ್ನು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆಸಿ, ಅದರೊಳಗೆ ನಡೆದು ನೋಡಿದ ಮೇಲೆಯೇ ಸಹಿ ಹಾಕುತ್ತೇನೆ.

ಬದಲಾವಣೆಯ ಹಂತದಲ್ಲಿ ಹಳೆಯ ಕೊಠಡಿಗೂ ಹೊಸದಕ್ಕೂ ಬೇರೆ ಬೇರೆ ಟ್ರಾನ್ಸ್‌ಫಾರ್ಮರ್‌ಗಳಿಂದ ವಿದ್ಯುತ್ ಕೊಟ್ಟು ಎರಡನ್ನೂ ಚಾಲನೆಯಲ್ಲಿಟ್ಟೆವು. ಒಳಹರಿವು ತಗ್ಗಿದ ಹೊತ್ತು ನೋಡಿಕೊಂಡು, ಮೊದಲು ಸ್ಟ್ಯಾಂಡ್‌ಬೈ ಬ್ಲೋವರ್, ಅದು ಹೊಸ ಕೊಠಡಿಯಿಂದ ಓಡಿದ ಮೇಲೆ ಇನ್ನೊಂದು, ಹೀಗೆ ಒಂದೊಂದನ್ನೇ ದಾಟಿಸಿದೆವು. ಪ್ರತಿ ಸಲವೂ ಮೆಗ್ಗರ್ ಹಾಕಿ ನಿರೋಧನ ನೋಡಿ, ಫೇಸ್ ಕ್ರಮ ಪರೀಕ್ಷಿಸಿ, ತಿರುಗುವ ದಿಕ್ಕನ್ನು ಕಣ್ಣಾರೆ ನೋಡಿಯೇ ಮುಂದುವರಿದೆವು. ಟ್ಯಾಂಕಿನ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸಿನಲ್ಲೇ ಇರಬೇಕೆಂಬುದು ನಮ್ಮ ನಿಯಮ; ಮೀಟರ್ ಇಳಿಯತೊಡಗಿದ ರಾತ್ರಿ ಕೆಲಸ ಅಲ್ಲಿಗೇ ಬಿಟ್ಟು ಮರುದಿನ ಮುಂದುವರಿಸಿದ್ದೂ ಉಂಟು.

ಹೊಸ ಕೊಠಡಿಗೆ ಬರುವ ಗಾಳಿ ರಾಸಾಯನಿಕ ಫಿಲ್ಟರ್ ದಾಟಿ ಬರುತ್ತದೆ, ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಿರುವುದರಿಂದ ಬಾಗಿಲು ತೆರೆದಾಗ ಗಾಳಿ ಹೊರಕ್ಕೇ ನೂಕುತ್ತದೆ. ಅಂತರರಾಷ್ಟ್ರೀಯ ಆಟೊಮೇಷನ್ ಸಂಸ್ಥೆಯ (ಐಎಸ್‌ಎ) 71.04 ಮಾನದಂಡದ ಪ್ರಕಾರ ತಾಮ್ರದ ಮೇಲಿನ ಸವೆತದ ಪದರ ತಿಂಗಳಿಗೆ 300 ಆಂಗ್‌ಸ್ಟ್ರಮ್‌ಗಿಂತ (ಒಂದು ಆಂಗ್‌ಸ್ಟ್ರಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಕಡಿಮೆಯಿದ್ದರೆ ಆ ಗಾಳಿ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಸೌಮ್ಯವಾದದ್ದು. ಸವೆತ ಅಳೆಯಲು ಪ್ರಯೋಗಾಲಯಕ್ಕೆ ಕಳಿಸುವ ತಾಮ್ರದ ಪಟ್ಟಿಯ ಜೊತೆಗೆ ನಾನೂ ಎರಡು ತಾಮ್ರದ ತುಂಡುಗಳನ್ನು ಉಜ್ಜಿ ಹೊಳಪು ಕೊಟ್ಟು, ಒಂದನ್ನು ಹಳೆಯ ಕೊಠಡಿಯಲ್ಲಿ, ಇನ್ನೊಂದನ್ನು ಹೊಸದರಲ್ಲಿ ತೂಗುಹಾಕಿದ್ದೆ. ತಿಂಗಳು ಕಳೆದು ಎರಡನ್ನೂ ಮೇಜಿನ ಮೇಲಿಟ್ಟಾಗ ಮೊದಲನೆಯದು ಕಪ್ಪಾಗಿತ್ತು, ಎರಡನೆಯದು ಇನ್ನೂ ತಾಮ್ರದ ಬಣ್ಣದಲ್ಲೇ ಇತ್ತು.