ನಮ್ಮ ಸಿಪಿಯುಗೆ ತಕ್ಕ ಹಾಗೆ ಡೆಬಿಯನ್ ಪ್ಯಾಕೇಜ್ ಬಿಲ್ಡ್ ಮಾಡೋದು

ಕಾಸರಗೋಡಿನವರಿಗೆ ಲಿನಕ್ಸ್ ಹೊಸತೇನಲ್ಲ, ನಮ್ಮ ಮಕ್ಕಳು ಶಾಲೆ ಲ್ಯಾಬಲ್ಲಿ ಕಲಿಯೋದೇ ಅದ್ರಲ್ಲಿ. ಆದ್ರೆ ಪ್ಯಾಕೇಜನ್ನು (ಇನ್‌ಸ್ಟಾಲ್ ಮಾಡುವ ಪ್ರೋಗ್ರಾಮಿನ ಕಟ್ಟನ್ನು) ಸೋರ್ಸಿಂದ, ಅಂದ್ರೆ ಮೂಲ ಕೋಡಿಂದ, ನಾವೇ ಬಿಲ್ಡ್ ಮಾಡೋದು ಅಂದ್ರೆ ಸುಮಾರು ಜನ ಹೆದರ್ತಾರೆ. ಹೆದರುವಂಥದ್ದು ಎಂತದ್ದೂ ಇಲ್ಲ ಮಾರ್ರೆ, ತಾಳ್ಮೆ ಬೇಕು, ಮಳೆಗಾಲ ಆದ್ರೆ ಲ್ಯಾಪ್‌ಟಾಪ್ ಬ್ಯಾಟರಿ ಫುಲ್ ಇರ್ಬೇಕು, ಅಷ್ಟೆ.

ಡೆಬಿಯನ್ ಅನ್ನೋ ಲಿನಕ್ಸಿನವರು ಎಎಮ್‌ಡಿ64 (ಇಂಟೆಲ್, ಎಎಮ್‌ಡಿ ಎರಡರ 64 ಬಿಟ್ ಸಿಪಿಯು) ಪ್ಯಾಕೇಜನ್ನು 2003ರ ಆ ಜಾತಿಯ ಮೊದಲ ಪ್ರೊಸೆಸರಲ್ಲೂ ಓಡುವ ಹಾಗೆ ಕಂಪೈಲ್ ಮಾಡ್ತಾರೆ, ಅಂದ್ರೆ ಒಟ್ಟಿಗೆ ಹಲವು ಲೆಕ್ಕ ಮಾಡುವ ಸಿಪಿಯು ಆದೇಶಗಳಲ್ಲಿ ಹಳೆಯ ಎಸ್‌ಎಸ್‌ಇ2 ವರೆಗೆ ಮಾತ್ರ. 2013ರಲ್ಲಿ ಇಂಟೆಲಿನ ಹ್ಯಾಸ್‌ವೆಲ್ ಸಿಪಿಯು ಜೊತೆ ಬಂದ ಅದೇ ಥರದ ಹೊಸ ಆದೇಶಗಳು, ಎವಿಎಕ್ಸ್2, ನಿಮ್ಮ ಸಿಪಿಯುಲಿ ಇದ್ರೂ ಎಷ್ಟೋ ಪ್ರೋಗ್ರಾಮ್ ಅದನ್ನು ಮುಟ್ಟುವುದೇ ಇಲ್ಲ. ಹಾಗಂತ ಎಲ್ಲವನ್ನೂ ಬಿಲ್ಡ್ ಮಾಡ್ಲಿಕ್ಕೆ ಹೋಗ್ಬೇಡಿ. ವಿಡಿಯೋದ ಎಫ್‌ಎಫ್‌ಎಂಪೆಗ್, ಎನ್‌ಕ್ರಿಪ್ಶನ್ನಿನ ಓಪನ್‌ಎಸ್‌ಎಸ್‌ಎಲ್ ಇವೆಲ್ಲ ಓಡುವಾಗಲೇ ಸಿಪಿಯು ನೋಡಿ ತಕ್ಕ ಕೋಡ್ ಆರಿಸ್ತವೆ. ಕನ್ನಡ ಓಸಿಆರ್ (ಚಿತ್ರದಿಂದ ಅಕ್ಷರ ಓದೋದು) ಫಾಸ್ಟ್ ಆಗ್ಲಿ ಅಂತ ನಾನು ಮೊದಲು ಬಿಲ್ಡ್ ಮಾಡಿದ್ದೇ ಟೆಸೆರಾಕ್ಟ್, ಅದೂ ಇದೇ ಜಾತಿ, ಒಂದು ಸಂಜೆ ಹಾಳು. ಕರ್ನಲ್ (ಲಿನಕ್ಸಿನ ತಿರುಳು) ಕೂಡ ಬೇಡ, ಅದ್ರೊಳಗೆ ಸಾಮಾನ್ಯ ಕೋಡಿಗೆ ಎವಿಎಕ್ಸ್ ಬಳಸೋದೇ ಇಲ್ಲ.

ಅಜ್ಜನ ಯಕ್ಷಗಾನ ಪ್ರಸಂಗದ ಪುಸ್ತಕಗಳ ಸ್ಕ್ಯಾನನ್ನೆಲ್ಲ ಸಣ್ಣದು ಮಾಡ್ಲಿಕ್ಕೆ ನಾನು ಗ್ರಾಫಿಕ್ಸ್‌ಮ್ಯಾಜಿಕ್ ಬಳಸ್ತೇನೆ, ಅದನ್ನೇ ಉದಾಹರಣೆ ಇಟ್ಕೊಳ್ಳೋಣ. ಕಮಾಂಡುಗಳನ್ನು ಕನ್ನಡದಲ್ಲೇ ಬರ್ದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಲ್ಲಿ ಮಾಡಿ.

ಮೊದಲು ಎಲ್‌ಎಸ್‌ಸಿಪಿಯು ಕೊಟ್ಟು ಫ್ಲ್ಯಾಗ್ಸಲ್ಲಿ ಎವಿಎಕ್ಸ್2 ಉಂಟಾ ನೋಡಿ. ಜನರೇಶನ್ ನಂಬರ್ ನಂಬ್ಬೇಡಿ, ಹ್ಯಾಸ್‌ವೆಲ್ ಕಾಲದ ಪೆಂಟಿಯಮ್, ಸೆಲೆರಾನಲ್ಲಿ ಅದು ಇಲ್ಲ. ಮತ್ತೆ ಏಪ್ಟ್‌ನ (ಡೆಬಿಯನಲ್ಲಿ ಪ್ಯಾಕೇಜ್ ಹಾಕುವ ಕಮಾಂಡ್) ಸೋರ್ಸಸ್ ಫೈಲಲ್ಲಿ ಡೆಬ್ ಪಕ್ಕ ಡೆಬ್-ಎಸ್‌ಆರ್‌ಸಿ ಸೇರಿಸಿ ಅಪ್‌ಡೇಟ್ ಕೊಡಿ. ಬಿಲ್ಡ್-ಎಸೆನ್ಶಿಯಲ್, ಡೆವ್‌ಸ್ಕ್ರಿಪ್ಟ್ಸ್ ಹಾಕಿ, ಏಪ್ಟ್ ಬಿಲ್ಡ್-ಡೆಪ್ ಗ್ರಾಫಿಕ್ಸ್‌ಮ್ಯಾಜಿಕ್ ಅಂತ ಕೊಟ್ರೆ ಬೇಕಾದ ಲೈಬ್ರರಿ ಎಲ್ಲ ಬರ್ತದೆ, ಏಪ್ಟ್ ಸೋರ್ಸ್ ಕೊಟ್ರೆ ಕೋಡ್ ಬರ್ತದೆ, ಇದನ್ನು ಮಾತ್ರ ಸುಡೋ ಇಲ್ಲದೆ ಕೊಡಿ.

ಆ ಫೋಲ್ಡರಿನೊಳಗೆ ಹೋಗಿ ಡಿಸಿಎಚ್ --ಲೋಕಲ್ ಕೆಜಿಡಿ ಅಂತ ಕೊಟ್ಟು ವರ್ಶನಿಗೆ ನಮ್ಮ ಗುರುತಿನ ಬಾಲ ಹಾಕಿ. ಬಾಲದ ಮುಂದೆ ಪ್ಲಸ್ ಚಿಹ್ನೆ ಬೇಡ, ಇದು ನಾನು ತಡವಾಗಿ ಕಲ್ತದ್ದು. ಡೆಬಿಯನ್ 13ರ ಸೆಕ್ಯೂರಿಟಿ ಅಪ್‌ಡೇಟ್ ವರ್ಶನಲ್ಲಿ ಪ್ಲಸ್ ಹಾಕಿ ಡೆಬ್13ಯು1 ಅಂತ ಇರ್ತದೆ, ನೀವು ಪ್ಲಸ್ ಕೆಜಿಡಿ ಹಾಕಿದ್ರೆ ಡಿ ಆದ್ಮೇಲೆ ಕೆ ಬರೋದಲ್ವಾ, ನಿಮ್ಮದೇ ಹೊಸತು ಅಂತ ಏಪ್ಟ್ ಲೆಕ್ಕ ಹಾಕ್ತದೆ, ಅಪ್‌ಡೇಟ್ ಬಂದದ್ದು ಗೊತ್ತೇ ಆಗೋದಿಲ್ಲ. ಬರೀ ಅಕ್ಷರ ಆದ್ರೆ ಪ್ಲಸ್ಸಿಗಿಂತ ಕೆಳಗೆ ನಿಲ್ತದೆ.

ಇನ್ನು ಅಸಲು ಕೆಲಸ. ಡೆಬ್_ಸಿಫ್ಲ್ಯಾಗ್ಸ್_ಅಪೆಂಡ್ ಅನ್ನೋ ವೇರಿಯೇಬಲಿಗೆ -ಓ3 -ಮಾರ್ಚ್=ನೇಟಿವ್ ಅಂತ ಎಕ್ಸ್‌ಪೋರ್ಟ್ ಮಾಡಿ (ವೇಗ ಜಾಸ್ತಿ ಮಾಡು, ಈ ಮೆಶಿನಿನ ಸಿಪಿಯುಗೇ ಕೋಡ್ ಮಾಡು ಅಂತ ಅರ್ಥ), ಸಿ++ ಕೋಡಿನ ಸಿಎಕ್ಸ್‌ಎಕ್ಸ್‌ಫ್ಲ್ಯಾಗ್ಸಿಗೂ ಹಾಗೇ. ಅಪೆಂಡ್ ಬದ್ಲು ಸೆಟ್ ಹಾಕಿದ್ರೆ ಡೆಬಿಯನ್‌ನವರ ಸುರಕ್ಷತೆ ಫ್ಲ್ಯಾಗುಗಳು ಹಾರಿ ಹೋಗ್ತವೆ. ಆಮೇಲೆ ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ -ಯುಎಸ್ -ಯುಸಿ -ಬಿ ಕೊಟ್ಟು ಚಾ ಕುಡ್ದು ಬನ್ನಿ. ಬಿಲ್ಡ್ ಓಡುವಾಗ ಜಿಸಿಸಿ (ಕಂಪೈಲರ್) ಸಾಲುಗಳಲ್ಲಿ ಮಾರ್ಚ್=ನೇಟಿವ್ ಕಾಣ್ತದಾ ನೋಡಿ, ಕಾಣದಿದ್ರೆ ಎಲ್ಲ ವೇಸ್ಟ್. ಮೇಲಿನ ಫೋಲ್ಡರಲ್ಲಿ ಸುಮಾರು ಡೆಬ್ ಫೈಲ್ ಬಿದ್ದಿರ್ತವೆ, ಗ್ರಾಫಿಕ್ಸ್‌ಮ್ಯಾಜಿಕ್ ಹೆಸರಿಂದು ಒಂದನ್ನೇ ಹಾಕಿದ್ರೆ ಉಪಯೋಗ ಇಲ್ಲ, ಕೆಲಸ ಮಾಡೋದು ಲೈಬ್ರರಿ, ಲಿಬ್ ಅಂತ ಶುರು ಆಗುವದ್ದನ್ನೂ ಹಾಕ್ಬೇಕು. ಹಾಕುವ ಮೊದಲೊಮ್ಮೆ ಆದ್ಮೇಲೊಮ್ಮೆ ಒಂದೇ ನೂರು ಫೋಟೋ ಮೇಲೆ ಟೈಮ್ ಕಮಾಂಡ್ ಓಡ್ಸಿ, ವ್ಯತ್ಯಾಸ ಇಲ್ಲದಿದ್ರೆ ಆ ಪ್ಯಾಕೇಜನ್ನು ಬಿಟ್ಬಿಡಿ.

ಈ ಫೈಲನ್ನು ಪೆನ್‌ಡ್ರೈವಲ್ಲಿ ಹಾಕಿ ಇನ್ನೊಬ್ಬರಿಗೆ ಕೊಡ್ಬೇಡಿ. ನಾನು ಬದಿಯಡ್ಕದ ಭಾವನಿಗೆ ಕೊಟ್ಟಿದ್ದೆ, ಅವರದ್ದು 2011ರ ಸ್ಯಾಂಡಿ ಬ್ರಿಡ್ಜ್, ಎವಿಎಕ್ಸ್ ಉಂಟು ಎವಿಎಕ್ಸ್2 ಇಲ್ಲ. ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ ಒಂದೇ ಸಾಲು ಬಂದು ಪ್ರೋಗ್ರಾಮ್ ಸತ್ತಿತು, "ಎಂತ ಇಲ್ಲೀಗಲ್ ಸಾಮಾನು ಕೊಟ್ಟದ್ದು ಭಾವ ನೀವು" ಅಂತ ಫೋನು. ಹಂಚ್ಲಿಕ್ಕೇ ಇದ್ರೆ ನೇಟಿವ್ ಬದ್ಲು ಎವಿಎಕ್ಸ್ ಬೇಡದ ಎಕ್ಸ್86-64-ವಿ2 ಹಾಕಿ, ಅದು ಅವರ ಮೆಶಿನಲ್ಲೂ ಓಡ್ತದೆ.

ಏಪ್ಟ್-ಮಾರ್ಕ್ ಹೋಲ್ಡ್ ಹಾಕಿ ಅಪ್‌ಡೇಟ್ ಬಾರದ ಹಾಗೆ ನಮ್ಮ ಬಿಲ್ಡನ್ನು ಹಿಡ್ದಿಡೋದು ನಂಗೆ ಇಷ್ಟ ಇಲ್ಲ, ಯಾರ್ಯಾರೋ ಕಳ್ಸಿದ ಫೋಟೋ ತೆರೆಯುವ ಪ್ರೋಗ್ರಾಮಿಗಂತೂ ಬೇಡವೇ ಬೇಡ. ಅಪ್‌ಡೇಟ್ ಬಂದ್ರೆ ಬರ್ಲಿ, ಪುರುಸೊತ್ತಾದಾಗ ಹೊಸ ಸೋರ್ಸ್ ತಂದು ಇನ್ನೊಮ್ಮೆ ಬಿಲ್ಡಿಗೆ ಹಾಕಿದ್ರಾಯ್ತು.