ಹಳೆಯ ಕಾರ್ಖಾನೆಯ ಜಾಗದಲ್ಲಿ ಕಡಿಮೆ ಇಂಗಾಲದ ಮನೆಗಳನ್ನು ಕಟ್ಟುವ ಕ್ರಮ

ಬೆಂಗಳೂರಿನ ಬಿನ್ನಿ ಮಿಲ್ ಇದ್ದ ಜಾಗದಲ್ಲಿ ಈಗ ವಸತಿ ಸಮುಚ್ಚಯಗಳು ಎದ್ದಿವೆ. ರಸ್ತೆ, ನೀರು, ಬಸ್ಸು ಮೊದಲೇ ಇರುವ ಇಂಥ ಜಾಗವನ್ನು ಬಳಸಿಕೊಂಡರೆ ಊರಾಚೆಯ ಹೊಲಗಳು ಉಳಿಯುತ್ತವೆ. ಆದರೆ ಬೇರೆಡೆ ನಿಶ್ಚಿಂತೆಯಿಂದ ಅನುಸರಿಸಬಹುದಾದ ಕೆಲವು ಪರಿಸರಸ್ನೇಹಿ ಕ್ರಮಗಳು ಇಲ್ಲಿ ಹಾನಿಯನ್ನೇ ಮಾಡಬಲ್ಲವು. ಕಾರ್ಖಾನೆಯ ಮಣ್ಣಿನಲ್ಲಿ ವಿಷವಸ್ತುಗಳು ಉಳಿದಿರಬಹುದು. ಆದ್ದರಿಂದ ನಕ್ಷೆ ಬರೆಸುವ ಮೊದಲು ಮಣ್ಣನ್ನು ಪರೀಕ್ಷಿಸಬೇಕು.

ಮೊದಲಿಗೆ ಕಾರ್ಖಾನೆಯ ಹಳೆಯ ನಕ್ಷೆಗಳನ್ನು ಹುಡುಕಿ, ಅಲ್ಲಿ ದುಡಿದ ಹಿರಿಯ ಕಾರ್ಮಿಕರನ್ನೂ ವಿಚಾರಿಸಿ. ಬಣ್ಣ ಹಾಕುತ್ತಿದ್ದ ವಿಭಾಗ, ಬಾಯ್ಲರ್, ಎಣ್ಣೆಯ ಟ್ಯಾಂಕು, ಟ್ರಾನ್ಸ್‌ಫಾರ್ಮರ್ ಇದ್ದ ಸ್ಥಳಗಳನ್ನು ಗುರುತಿಸಿಕೊಂಡು, ಅಲ್ಲಿಂದ ಬೇರೆ ಬೇರೆ ಆಳದ ಮಣ್ಣಿನ ಮತ್ತು ಅಂತರ್ಜಲದ ಮಾದರಿಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ. ಲೋಹಲೇಪನ ನಡೆದಿದ್ದರೆ ಕ್ರೋಮಿಯಂ, ಎಣ್ಣೆ ಸೋರಿದ್ದರೆ ಹೈಡ್ರೋಕಾರ್ಬನ್‌ಗಳ ಪರೀಕ್ಷೆ ತಪ್ಪಬಾರದು.

ವರದಿ ಬರುವವರೆಗೆ ಎರಡು ಕೆಲಸಗಳನ್ನು ತಡೆಹಿಡಿಯಿರಿ. ಪಾಯ ತೆಗೆದ ಮಣ್ಣಿನಿಂದಲೇ ಸ್ಥಿರೀಕೃತ ಮಣ್ಣಿನ ಇಟ್ಟಿಗೆ (ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ, ಸುಡದ ಇಟ್ಟಿಗೆ) ಮಾಡುವುದು ಉತ್ತಮ ಪದ್ಧತಿಯೇ ಆದರೂ ಕಲುಷಿತ ಮಣ್ಣನ್ನು ಮನೆಯ ಗೋಡೆಗೆ ತರಬಾರದು. ಮಳೆನೀರನ್ನು ಇಂಗುಬಾವಿಗೆ ಬಿಡುವುದೂ ಅಷ್ಟೇ ಅಪಾಯಕರ, ಏಕೆಂದರೆ ಇಳಿಯುವ ನೀರು ಮಣ್ಣಿನಲ್ಲಿರುವ ವಿಷವನ್ನು ಸುತ್ತಲಿನವರ ಕೊಳವೆಬಾವಿಗಳವರೆಗೆ ಒಯ್ಯಬಲ್ಲದು. ಅಂಥ ಕಡೆ ಚಾವಣಿಯ ನೀರನ್ನು ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಿ ಬಳಸಿ.

ಗಟ್ಟಿಯಾಗಿರುವ ಹಳೆಯ ಕಟ್ಟಡವನ್ನು ಕೆಡವದೆ ಮರುಬಳಸುವುದೇ ಇಂಗಾಲವನ್ನು ಅತಿ ಹೆಚ್ಚು ಉಳಿಸುವ ಹೆಜ್ಜೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಡವಲೇಬೇಕಾದರೆ ಇಟ್ಟಿಗೆ, ತೇಗದ ತೊಲೆ, ಉಕ್ಕಿನ ಟ್ರಸ್‌ಗಳನ್ನು ಬಿಡಿಸಿ ತೆಗೆದಿರಿಸಿ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳ ಧೂಳು ಅಪಾಯಕರವಾದ್ದರಿಂದ ಅವನ್ನು ಮಾತ್ರ ಒಡೆಯದೆ, ಒದ್ದೆ ಮಾಡಿ, ತರಬೇತಿ ಪಡೆದವರಿಂದಲೇ ಇಳಿಸಿ. ಹೊಸ ಕಾಂಕ್ರೀಟಿಗೆ ಹಾರುಬೂದಿ ಅಥವಾ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ) ಬೆರೆತ ಸಿಮೆಂಟನ್ನು ಆರಿಸಿದರೆ, ಸುಣ್ಣಕಲ್ಲನ್ನು ಸುಟ್ಟು ಮಾಡುವ, ಹೆಚ್ಚು ಇಂಗಾಲ ಹೊಮ್ಮಿಸುವ ಕ್ಲಿಂಕರ್ ಕಡಿಮೆ ಸಾಕಾಗುತ್ತದೆ.

ವಿನ್ಯಾಸಕ್ಕೆ, ಮನೆಗಳಲ್ಲಿ ಇಂಧನ ಉಳಿಸಲು ಕೇಂದ್ರ ಸರ್ಕಾರ ರೂಪಿಸಿದ 2018ರ ಇಕೋ ನಿವಾಸ ಸಂಹಿತೆಯನ್ನು ಆಧಾರವಾಗಿಟ್ಟುಕೊಳ್ಳಿ. ಗೋಡೆ ಮತ್ತು ಕಿಟಕಿಗಳ ಮೂಲಕ ಒಳಬರುವ ಶಾಖವು ಪ್ರತಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು, ಚಾವಣಿಯ ಯು-ಮೌಲ್ಯ (ಅದರ ಮೂಲಕ ಶಾಖ ಎಷ್ಟು ಸುಲಭವಾಗಿ ಹಾದುಹೋಗುತ್ತದೆಂಬ ಅಳತೆ) 1.2ಕ್ಕಿಂತ ಹೆಚ್ಚಿರಬಾರದು ಎಂದು ಅದು ಹೇಳುತ್ತದೆ. ಬರಿಯ ಕಾಂಕ್ರೀಟ್ ಚಾವಣಿ ಈ ಮಿತಿಯೊಳಗೆ ಬರುವುದಿಲ್ಲವಾದ್ದರಿಂದ ಶಾಖನಿರೋಧಕ ಪದರ ಬೇಕೇ ಬೇಕು. ಪಶ್ಚಿಮದ ಕಿಟಕಿಗಳನ್ನು ಚಿಕ್ಕದಾಗಿಸಿ, ದಕ್ಷಿಣಕ್ಕೆ ಸಜ್ಜೆ ಕೊಡಿ, ಎದುರುಬದುರು ಕಿಟಕಿಗಳಿಂದ ಗಾಳಿಯಾಡುವಂತೆ ಮಾಡಿ. ಚಾವಣಿಯ ಸೌರಫಲಕಗಳ ವಿದ್ಯುತ್ತನ್ನು ಮೊದಲು ಪಂಪು, ಲಿಫ್ಟುಗಳಂಥ ಸಾಮಾನ್ಯ ಬಳಕೆಗೆ ಲೆಕ್ಕಹಾಕಿ.

ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಹಳೆಯ ಹಡಗುಕಟ್ಟೆಯ ಪ್ರದೇಶದಲ್ಲಿ 2001ರಲ್ಲಿ ರೂಪುಗೊಂಡ ಬೂ01 ಬಡಾವಣೆಯಲ್ಲಿ ಪ್ರತಿ ಚದರ ಮೀಟರಿಗೆ ವರ್ಷಕ್ಕೆ 105 ಯೂನಿಟ್ ಶಕ್ತಿ ಸಾಕೆಂಬ ಗುರಿಯಿತ್ತು. ಅನೇಕ ಮನೆಗಳು ಅದನ್ನು ಮೀರಿದವು. ದೊಡ್ಡ ಗಾಜಿನ ಕಿಟಕಿಗಳು ಅದಕ್ಕೊಂದು ಕಾರಣ. ಅಳೆದು ನೋಡಿದ್ದರಿಂದಲೇ ಅದು ತಿಳಿಯಿತು. ಆದ್ದರಿಂದ ಪ್ರತಿ ಮನೆಗೂ, ಸಾಮಾನ್ಯ ಸೌಲಭ್ಯಗಳಿಗೂ ಪ್ರತ್ಯೇಕ ಮೀಟರ್ ಹಾಕಿಸಿ, ಜನ ವಾಸಕ್ಕೆ ಬಂದ ಮೊದಲ ಎರಡು ವರ್ಷಗಳ ಬಳಕೆಯನ್ನು ವಿನ್ಯಾಸದ ಅಂದಾಜಿನೊಂದಿಗೆ ಹೋಲಿಸುವ ಹೊಣೆಯನ್ನು ನಿರ್ಮಾಣದ ಒಪ್ಪಂದದಲ್ಲಿಯೇ ಬರೆಸಿ.