ಸುವರ್ಣ ವಿಧಾನಸೌಧ ನೋಡಲು ಹೊರಟವರಿಗೆ

2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಈ ಸೌಧ ಬೆಳಗಾವಿ ಊರೊಳಗಿಲ್ಲ; ಹಲಗಾ–ಬಸ್ತವಾಡ ಬಳಿ ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿದೆ. ವೇಗದೂತ ಬಸ್ಸುಗಳೆಲ್ಲ ಇಲ್ಲಿ ನಿಲ್ಲುವುದಿಲ್ಲ, ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ಸ್ವಂತ ಗಾಡಿಯಾದರೆ ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿಯಿರಿ. ತಪ್ಪಿದರೆ ಮುಂದೆ ಹೋಗಿ ತಿರುಗಿ ಬರಬೇಕು.

ಬರೀ ಕಟ್ಟಡ ನೋಡುವುದಾದರೆ ಅಧಿವೇಶನವಿಲ್ಲದ ದಿನವೇ ಲೇಸು, ಆದರೆ ಒಳಗೆ ಬಿಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿ. ಆವರಣದ ಗಾಂಧಿ ಪ್ರತಿಮೆ 2025ರ ಜನವರಿಯಲ್ಲಿ ಅನಾವರಣಗೊಂಡದ್ದು.

ಕಲಾಪ ನೋಡಬೇಕೆಂದರೆ ಚಳಿಗಾಲದ ಅಧಿವೇಶನಕ್ಕೇ ಬರಬೇಕು, ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ಪ್ರೇಕ್ಷಕರ ಗ್ಯಾಲರಿಗೆ ಪಾಸ್ ಬೇಕು. ನಿಮ್ಮ ಕ್ಷೇತ್ರದ ಶಾಸಕರ ಕಚೇರಿಯಲ್ಲಿ ಮುಂಚಿತವಾಗಿ ಕೇಳಿ. ಬಾಗಿಲಿಗೆ ಬಂದು ಕೇಳಿದರೆ ಪೊಲೀಸರು ವಾಪಸ್ ಕಳಿಸುತ್ತಾರೆ. ಪಾಸಿನಲ್ಲಿರುವ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇದೆಯೇ ನೋಡಿಕೊಳ್ಳಿ. ಮೊಬೈಲ್, ಬ್ಯಾಗು ಗಾಡಿಯಲ್ಲೇ ಬಿಡಿ. ಪ್ರಶ್ನೋತ್ತರದ ಹೊತ್ತಿಗೆ ಕೂತರೆ ಮಂತ್ರಿಗಳ ಉತ್ತರ ನೇರವಾಗಿ ಕೇಳಬಹುದು, ನೋಡುವುದಕ್ಕೆ ಅದೇ ಚಂದ. ಗದ್ದಲವಾಗಿ ಸದನ ಹತ್ತು ನಿಮಿಷ ಮುಂದೂಡಿದರೆ ಎದ್ದು ಹೊರಗೆ ಹೋಗಬೇಡಿ, ಮತ್ತೆ ತಪಾಸಣೆಯ ಸಾಲಿಗೆ ನಿಲ್ಲಬೇಕಾದೀತು. ಅಧಿವೇಶನದ ದಿನಗಳಲ್ಲಿ ಪ್ರತಿಭಟನೆಗಳಿಂದ ಹೆದ್ದಾರಿ ಕಟ್ಟಿಕೊಳ್ಳುವುದೂ ಉಂಟು. ಒಂದು ತಾಸು ಮೊದಲೇ ಹೊರಡಿ.